ಮೊದಲ ನೀರು

ನನ್ನ ಮೊದಲನೇ ಬಾಯ್ಲರ್ ಸಿಡಿದದ್ದು
ತೇರದಾಳದಾಗ ಕರೆಂಟ್ ಹೋಗೂಕಿಂತ ಹತ್ತು ನಿಮಿಷ ಮೊದಲ.
ಎಂಟು ದಿನ ನೆಲಾ ಅಗದು ತಂದ ತಾಮ್ರ,
ತವರ ಕೂಡಿಸಿ ಕಾಸಿದ ಕಂಚು,
ಇಟ್ಟಂಗಿ ಮ್ಯಾಲ ಇಟ್ಟಂಗಿ ಏರಿಸಿ ಕಟ್ಟಿದ ಒಲಿ,
ಎಲ್ಲಾ ಹೋಗಿ
ಸ್ಕ್ರೀನಿನ ತುಂಬ ಒಂದ ತಗ್ಗು.
ತಗ್ಗಿನಾಗ ಒಂದು ಕೋಳಿ.
ಅದಕ್ಕೇನೂ ಆಗಿದ್ದಿಲ್ಲ.

ಸಿಟ್ಟಿಗೆ ಮೌಸ್ ಒಗದೆ.
ಅದು ಹೋಗಿ ಬಡದದ್ದು ಧರೆಪ್ಪಕಾಕಾನ ಮೊಣಕಾಲಿಗೆ.

ಕಾಕಾಗ ಈಗ ಕೆಲಸಿಲ್ಲ.
ಸಕ್ರಿ ಕಾರ್ಖಾನಿ ಭೋಂಗಾ ಮಾರ್ಚಿನಾಗ ನಿಂತದ್ದು
ಮತ್ತ ದೀಪಾವಳಿ ಸುತ್ತಮುತ್ತ ಊದತೈತಿ.
ಅಲ್ಲೀತನಕ ನಮ್ಮ ಪಡಸಾಲ್ಯಾಗ ಕುಂತು ಎಲಿ ಅಗಿತಾನ,
ಯಾವುದರ ಕಾವು ಕೇಳಿದ್ರೂ ಕರಾರುವಾಕ್ಕಾಗಿ ಹೇಳತಾನ:
ಚಾದ್ದು, ಬಿಸಿಲಿಂದು, ಅವ್ವನ ಸಿಟ್ಟಿಂದು.

“ಏನ ಮಾಡಿದಿ ಸನ್ಮತಿ?”
“ಬೆಂಕಿ ಹಚ್ಚಿದೆ. ಕಾಯ್ತು.
ಆಮ್ಯಾಲ ನೆಪ್ಪಾತು, ನೀರ ಹಾಕಿಲ್ಲಂತ.
ಹಾಕಿದೆ.”

ಕಾಕಾನ ದವಡಿ ನಿಂತಿತು.
“ಕಾದ ಒಣಾ ಬಾಯ್ಲರಿಗೆ ನೀರಾ?”
ಅಷ್ಟ ಅಂದ.
ಎಡಗೈ ಅಂಗಿ ತೋಳು ಮ್ಯಾಲೇರಿಸಿ ಬೆವರು ಒರಸಿಕೊಂಡ.
ಮೊಣಕೈಯಿಂದ ಮುಂಗೈತನಕ ಅವನ ಚರ್ಮ ಬ್ಯಾರೇ ಬಣ್ಣದ್ದು,
ಹಾಲಿನ ಕೆನಿ ಜಗ್ಗಿ ಹಚ್ಚಿದಂಗ ನುಣ್ಣಗ.
ಸಣ್ಣಾಕಿದ್ದಾಗಿಂದ ನೋಡೇನಿ,
ಯಾಕಂತ ಕೇಳಿದ್ದಿಲ್ಲ.
ಅವತ್ತೂ ಕೇಳಲಿಲ್ಲ.

ಕರೆಂಟ್ ಬಂದ ಮ್ಯಾಲ ಸ್ಟೂಲ್ ಜಗ್ಗಿಕೊಂಡು ಬಾಜೂಕ ಕುಂತ.
“ಹೊಳಿ ದಂಡಿಗೆ ನಿಂತದ್ದು ಕಬ್ಬಲ್ಲೇನು?”
“ಹೂಂ.”
“ಹಿಂಡು. ಸಿಪ್ಪಿ ಒಲಿಗೆ ಹಾಕು.”
“ಇಲ್ಲಿ ಕಬ್ಬು ಉರಿಯೂದಿಲ್ಲ ಕಾಕಾ.”
“ಉರಿಯೂದಿಲ್ಲ?”
“ಸಕ್ರಿ ಆಗತೈತಿ. ಕಾಗದ ಆಗತೈತಿ. ಉರಿಯೂದಿಲ್ಲ.”
ಮೂವತ್ತೊಂದು ಸೀಜನ್ ಸಿಪ್ಪಿ ಉರಿಸಿದ ಮನಶ್ಯಾ
ಮಾರಿ ಹತ್ತಿರ ತಂದು ಆ ಹಸರು ಕಡ್ಡಿ ನೋಡಿದ,
ಹೇಳಿದ ಮಾತು ಕೇಳದ ಅಳ್ಯಾನ ನೋಡಿದಂಗ.

ಕಲ್ಲಿದ್ದಲಿ ಹುಡುಕಿದ್ವಿ.
ಸಂಜಿಗೆ ರಾಕ್ಷಸರು ಬರತಾರಂತ ನಾ ಅವಸರ ಮಾಡಿದ್ರ
“ಬರಲಿ, ಅವರೂ ಶಿಫ್ಟ್ ಮುಗಿಸಿ ಹೋಗತಾರ” ಅಂದ.
ಕಂಚು ಮತ್ತ ಕಾಸಿದೆ. ಒಲಿ ಮತ್ತ ಕಟ್ಟಿದೆ.
“ಮೊದಲ ನೀರು,” ಅಂದ.
ಹಾಕಿದೆ.
“ನೋಡು.”
ನೋಡಿದೆ.
“ಇನ್ನೊಮ್ಮಿ ನೋಡು.
ಈಗ ಬೆಂಕಿ.”

ಮೊದಲು ಏನೂ ಆಗಲಿಲ್ಲ.
ಕಾವಿನ ಕೆಂಪು ಗೆರಿ ಇರಿವಿಯಂಗ ಏರತಿತ್ತು.
ಆಮ್ಯಾಲ ಕೊಳವಿ ಬಾಯಾಗ ಬೆಳ್ಳಗ ಒಂದು ಉಸಿರು,
ಆಚೀ ತುದಿಗೆ ಸುತ್ತಗಿ ಎದ್ದು ಬಿತ್ತು,
ಬಿದ್ದು ಎದ್ದಿತು,
ಒಂದು ಅದಿರಿನ ಹಳ್ಳಿಗೆ ಎರಡು ಮುಟಗಿ ಪುಡಿ!
ನಾ ಕುಣಿದೆ.
ಕಾಕಾ ಕುಣೀಲಿಲ್ಲ.

“ಗೇಜ್ ಗ್ಲಾಸ್ ಎಲ್ಲೈತಿ?”
“ಬ್ಯಾಡ ಕಾಕಾ. ಬಟನ್ ಒತ್ತಿದ್ರ ನೀರೆಷ್ಟಂತ ತೋರಸತೈತಿ.”
“ಒತ್ತಿದ್ರ.”
ಎಲಿ ಉಗುಳಿ ಬಂದು ಮತ್ತ ಅಂದ,
“ಒತ್ತಿದ್ರ.”

ಹೊಳಿಗೆ ಹೋಗಿ ಉಸುಕು ತಂದೆ. ಕಾಸಿದೆ.
ಬಾಯ್ಲರಿನ ಮಗ್ಗಲಕ, ಕಣ್ಣಿನ ಎತ್ತರಕ್ಕ,
ಒಂದು ಚೌಕ ಗಾಜು ಇಟ್ಟೆ.
ಅದರಾಗ ನೀರು ಕಾಣೂದಿಲ್ಲ.
ಅದು ಏನೂ ಅಳಿಯೂದಿಲ್ಲ.
ಹಿಂದಿನ ಇಟ್ಟಂಗಿ ಕಾಣತಾವ, ಅಷ್ಟ.

ಈಗ ಭೋಂಗಾ ಊದೈತಿ.
ಕಾಕಾಂದು ರಾತ್ರಿ ಪಾಳಿ.
ಊರ ತುಂಬ ಕಬ್ಬಿನ ಟ್ರ್ಯಾಕ್ಟರ್, ಮಳ್ಳಿ ವಾಸನಿ.
ನನ್ನವು ಹನ್ನೊಂದು ಬಾಯ್ಲರ್ ಅದಾವ,
ಹನ್ನೊಂದಕ್ಕೂ ಗಾಜು.
ಬೆಂಕಿ ಹಚ್ಚೂ ಮುಂದ ಒಂದೊಂದರ ಮುಂದೂ ನಿಂತು
ಇಟ್ಟಂಗಿ ನೋಡತೀನಿ.

ಹಳೇ ತಗ್ಗು ಮಾತ್ರ ತುಂಬಿಲ್ಲ.
ಕಾಕಾ ಬ್ಯಾಡಂದಾನ.
ಕೋಳಿ ಅಲ್ಲೇ ಐತಿ.