ಗದ್ದಲದ ಮೂಲ

ಹನ್ನೊಂದು ಠಾಣೆಗಳು ನನ್ನ ಪಾಲಿಗೆ.
ನರಿನ್ ಹೊಳೆಯ ಆಚೆ ದಡಕ್ಕೆ ನಾಲ್ಕು, ಈಚೆಗೆ ಏಳು.
ಒಂದೊಂದಕ್ಕೂ ಅದರದರ ಕಾಯಿಲೆ.
ಒಂದರ ಬ್ಯಾಟರಿ ಚಳಿಗೆ ಸೆಟೆದು ಮಲಗುತ್ತದೆ,
ನಾಲ್ಕನೆಯದರ ಕೇಬಲ್ಲು ಇಲಿಗಳಿಗೆ ಬಲು ರುಚಿ,
ಇನ್ನೊಂದರ ಸೌರಫಲಕದ ಮೇಲೆ
ಯಾವನೋ ಬೇಟೆಗಾರ ಕೈ ಪಳಗಿಸಿಕೊಂಡಿದ್ದಾನೆ:
ತೂತು ಎಣಿಸಿದೆ, ಐದು.
ಆರನೆಯ ಗುಂಡು ಗುರಿ ತಪ್ಪಿ ಕಂಬಕ್ಕೆ ತಾಗಿದೆ.

ಜೀಪು ಓಡಿಸುವ ತೊಕ್ತೊಸುನ್ ಹೇಳುತ್ತಾನೆ:
"ನೆಲ ನಡುಗದಿದ್ದರೆ ನಮ್ಮ ಸಂಬಳ ದಂಡ,
ನಡುಗಿದರೆ ಮನೆಯೇ ದಂಡ."
ನಕ್ಕಾಗ ಎರಡು ಚಿನ್ನದ ಹಲ್ಲು.

ಏಳನೇ ಠಾಣೆಯ ಬಗ್ಗೆ ಬಿಷ್ಕೆಕ್‌ನಿಂದ ಕಾಗದ ಬಂತು.
ದಿನಾ ಬೆಳಗಿನ ಜಾವ ಐದೂ ಹತ್ತಕ್ಕೆ
ಸೆಕೆಂಡಿಗೊಂದರಂತೆ ಕುಟ್ಟುವ ಗೆರೆ,
ಮುಕ್ಕಾಲು ಗಂಟೆ. ಸಂಜೆ ಮತ್ತೆ.
ಗದ್ದಲದ ಮೂಲ ಪತ್ತೆಹಚ್ಚಿ, ನಿವಾರಿಸಿ, ವರದಿ ಕಳಿಸಿ.

ಕಣಿವೆಯ ಕೊನೆಯ ತಿರುವಿನಲ್ಲಿ ಜೀಪು ಕೈಚೆಲ್ಲಿತು.
ಬ್ಯಾಟರಿಯನ್ನು ಬಾಡಿಗೆ ಕುದುರೆಗೆ ಹೇರಿ
ಅದರ ಬಾಲದ ಹಿಂದೆ ನಡೆದೆ.
ಹಳ್ಳದ ನೀರು ಮೊಣಕಾಲನ್ನು ಕಚ್ಚಿ ಬಿಡಲಿಲ್ಲ.
ತಲುಪುವಾಗ ಕತ್ತಲೆ, ಮಂಜು.

ಬಾವಿಯಂಥ ಗುಂಡಿ, ಕಬ್ಬಿಣದ ಮುಚ್ಚಳ,
ಒಳಗೆ ಕಾಂಕ್ರೀಟಿನ ಕಟ್ಟೆಯ ಮೇಲೆ
ಸಕ್ಕರೆ ಡಬ್ಬಿಯಷ್ಟೇ ದೊಡ್ಡ ಯಂತ್ರ.
ಮೆಲ್ಲಗೆ ಇಳಿಯಬೇಕು, ಚಾಡಿಕೋರ ಅದು;
ಹೋದ ವರ್ಷ ನಾನು ಸೀನಿದ್ದೂ ದಾಖಲಾಗಿದೆ.
ರಸಮಟ್ಟದ ಗುಳ್ಳೆಯನ್ನು ನಡುವಿಗೆ ತಂದೆ,
ತೇವ ಹೀರಿ ದಣಿದ ಚೀಲ ಬದಲಿಸಿದೆ,
ತಿರುಪುಗಳನ್ನು ಮುಟ್ಟಿ ಮುಟ್ಟಿ ನೋಡಿದೆ.
ಎಲ್ಲ ಸರಿಯಾಗಿತ್ತು. ಅದೇ ತೊಂದರೆ.

ಮುಚ್ಚಳದ ಪಕ್ಕದಲ್ಲೇ ಮಲಗಿದೆ, ನೆಲಕ್ಕೆ ಕಿವಿ ಕೊಟ್ಟು.
ಐದೂ ಹತ್ತಕ್ಕೆ
ಧುಪ್.
ಧುಪ್.
ಧುಪ್.

ದಿಬ್ಬದ ಆಚೆ ಒಂದು ಉಣ್ಣೆಯ ಗುಡಾರ.
ಬಾಗಿಲಲ್ಲಿ, ಹೊಗೆಗೆ ಕಪ್ಪಾದ ತೊಗಲ ಚೀಲವನ್ನು
ಮರದ ಚೌಕಟ್ಟಿಗೆ ಕಟ್ಟಿ
ಮುದುಕಿಯೊಬ್ಬಳು ಕುದುರೆಹಾಲು ಕಡೆಯುತ್ತಿದ್ದಾಳೆ.
ಹೆಸರು ಬುರುಲ್‌ಕನ್. ಕೈಗಳು ನನಗಿಂತ ಗಟ್ಟಿ.
ಚೌಕಟ್ಟಿನ ಕಾಲುಗಳನ್ನು ಬಂಡೆಯ ಬಿರುಕಿಗೆ ಊರಿದ್ದಾಳೆ;
ದಿಬ್ಬದ ಹೊಟ್ಟೆಯೊಳಗೆ ಹಾಯ್ದು
ನನ್ನ ಕಟ್ಟೆಯ ಕೆಳಗೆ ಬಂದು ಮಲಗುವುದೂ ಅದೇ ಬಂಡೆ.

ನಮ್ಮ ಮಾತಿನಲ್ಲಿ ಈ ಕಡೆಗೋಲಿಗೆ ಬಿಷ್ಕೆಕ್ ಎನ್ನುತ್ತಾರೆ.
ಕಾಗದ ಬರೆದ ಊರಿನ ಹೆಸರೂ ಅದೇ.

"ಅಜ್ಜೀ, ನೀವು ಕಡೆದರೆ ರಾಜಧಾನಿಯಲ್ಲಿ ಭೂಕಂಪ" ಅಂದೆ.
ಕೋಲು ನಿಲ್ಲಲಿಲ್ಲ.
"ಎಷ್ಟು?"
"ಸೊನ್ನೆಗಿಂತ ಕೆಳಗೆ. ಮೈನಸ್ ಒಂದೂವರೆ."
"ಸೊನ್ನೆಗಿಂತ ಕಡಿಮೆಯದಕ್ಕೆ ಇಷ್ಟು ದೂರ ಬಂದೆಯಾ, ಮಗಳೇ?
ನನಗೆ ಎಂಟು ವರ್ಷವಿದ್ದಾಗ
ತೊಟ್ಟಿಲ ಮೇಲೆ ಗೋಡೆ ಬಿತ್ತು.
ಆಗ ಯಾರೂ ಬರಲಿಲ್ಲ, ಬರೆದುಕೊಳ್ಳಲಿಲ್ಲ."
ಧುಪ್.
"ಗುಡಾರವೇ ವಾಸಿ. ಉಣ್ಣೆ ಬಿದ್ದು ಸತ್ತವರಿಲ್ಲ."

ಬಟ್ಟಲು ಕೊಟ್ಟಳು. ಹುಳಿ, ಹೊಗೆ, ಒಂಚೂರು ಅಮಲು.
ಎರಡನೆಯದನ್ನೂ ಬೇಡ ಅನ್ನಲಾಗಲಿಲ್ಲ.

ಬಿಸಿಲೇರಿದ ಮೇಲೆ ಇಬ್ಬರೂ ಚೌಕಟ್ಟು ಕಿತ್ತು
ನಲವತ್ತು ಹೆಜ್ಜೆ ಆಚೆ, ಮೆತ್ತನೆ ಮಣ್ಣಲ್ಲಿ ನಿಲ್ಲಿಸಿದೆವು.
ಲ್ಯಾಪ್‌ಟಾಪಿನಲ್ಲಿ ಗೆರೆ ಅರ್ಧಕ್ಕೆ ಇಳಿಯಿತು.
ಇನ್ನೂ ನೂರು ಹೆಜ್ಜೆ ಸರಿಸಬಹುದಿತ್ತು.
ಆದರೆ ನೀರು ಇದ್ದದ್ದು ಈ ಕಡೆಗೆ,
ಅವಳ ಮೊಣಕಾಲು ಇದ್ದದ್ದು ಅವಳ ಹತ್ತಿರ.
ಉಳಿದರ್ಧವನ್ನು ಉಳಿಯಲು ಬಿಟ್ಟೆ.

ವರದಿ: ಮೂಲ, ಕುದುರೆ. ನಿವಾರಣೆ, ಭಾಗಶಃ.
ಪೂರ್ತಿ ಸುಳ್ಳೇನಲ್ಲ. ಹಾಲು ಕುದುರೆಯದೇ ತಾನೆ.

ಬೇಸಿಗೆಯಿಡೀ, ಕಚೇರಿಗೆ ಬಂದೊಡನೆ
ಮೊದಲು ಏಳನೇ ಗೆರೆ ನೋಡುತ್ತಿದ್ದೆ.
ಒಂದು ದಿನ ಹತ್ತು ನಿಮಿಷ ತಡ. ಒಂದು ದಿನ ಲಯ ಬೇರೆ,
ಬಿರುಸು, ಅವಸರ: ಮೊಮ್ಮಗನಿರಬೇಕು.

ಸೆಪ್ಟೆಂಬರ್ ಹದಿನೇಳಕ್ಕೆ ಗೆರೆ ನೆಟ್ಟಗಾಯಿತು.
ಹೊಸ ಹುಡುಗ ಎರ್ಮೆಕ್ ಓಡಿ ಬಂದ:
"ಏಳು ಕೆಟ್ಟಿತು!"
ಇಲ್ಲ ಮಾರಾಯ. ಮೇಲೆ ಹಿಮ ಬಿದ್ದಿದೆ.
ಅವರು ಇಳಿದರು.

ನಾಲ್ಕನೆಯದೂ ಸುಮ್ಮನಿದೆ. ಅದರ ಕಥೆ ಬೇರೆ, ಅದು ಇಲಿ.
ತೊಕ್ತೊಸುನ್ ಗಾಲಿಗೆ ಸರಪಳಿ ಕಟ್ಟುತ್ತಿದ್ದಾನೆ.
ಈ ಸಲ ಕೇಬಲ್ಲಿಗೆ
ಉದ್ದಕ್ಕೂ ಮೆಣಸಿನಪುಡಿ ಸವರಿದ್ದೇನೆ;
ಕಣ್ಣು ಇನ್ನೂ ಉರಿಯುತ್ತಿದೆ.