ಹತ್ತು ಹೆಸರು, ಆರು ತೂತು

ನವೆಂಬರ್. ಡಾರ್ವಿನ್ನಿನ ಆಕಾಶ
ಮಧ್ಯಾಹ್ನದಿಂದ ಗಂಟಲು ಸರಿಮಾಡಿಕೊಳ್ಳುತ್ತಿದೆ.
ನಾನು ಹಂಪ್ಟಿ ಡೂ ಮಾವಿನ ತೋಟದ ಕೂಲಿ ಲೆಕ್ಕದಲ್ಲಿದ್ದೇನೆ,
ಹತ್ತೊಂಬತ್ತನೇ ಹೆಸರಲ್ಲಿ.

"ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗೇ ಕೀಳು!"
ಬೇಲಿಯಾಚೆ ಮನೋಲಿಸ್,
ನಲವತ್ತು ವರ್ಷ ಕರೆಂಟಿನ ಕಂಬ ಹತ್ತಿದವನು.
"ಊರು ದಾಟಿ ಬರೋ ಸಿಡಿಲಿಗೆ
ನಿನ್ನ ಸ್ವಿಚ್ಚು ಹೊಸ್ತಿಲೂ ಅಲ್ಲ."

ಸರ್ಜ್ ಪಟ್ಟಿ ಕೊಂಡದ್ದೂ ಅವನ ಕಾಟಕ್ಕೇ.
ಅದಕ್ಕೆ ಆರು ತೂತು.
ಗುಡುಗಿಗೆಂದು ಅಜ್ಜಿ ಕಲಿಸಿದ ಹೆಸರು ಹತ್ತು:
ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ...
ಆರಕ್ಕೆ ಜಾಗವಾಯಿತು.
ಉಳಿದ ನಾಲ್ಕು ಬಾಯಲ್ಲೇ ಇವೆ.

ಛಟ್!

ಫ್ಯಾನು ನಿಂತಿತು. ಬೀದಿ ನಿಂತಿತು.
ಮೇಜಿನಡಿ ಯುಪಿಎಸ್ಸು
ತಾಯಿ ಕಾಣದ ಮರಿಯ ಹಾಗೆ ಕೀಂ, ಕೀಂ.
ಏಳು ನಿಮಿಷ ಅದರ ಉಸಿರು.

ಸವ್ಯಸಾಚಿ ಆಯಿತು,
ಧನಂಜಯ ಅನ್ನಬೇಕಾದಲ್ಲಿ ನಾಲಿಗೆಗೆ ಬಂದದ್ದು
ಡೊಮಿಂಗೊಸ್, ಮೂವತ್ತೆಂಟು ಗಂಟೆ.
ಫಿಲೊಮೆನ, ನಲವತ್ತೊಂದೂವರೆ.
ಅಬೆಲ್, ಒಂದು ದಿನ ಜ್ವರ, ಇಪ್ಪತ್ತೊಂಬತ್ತು.
ಶುಕ್ರವಾರದ ಸಂಬಳ ಇವರದು;
ಇದು ಅಳಿಸಿಹೋದರೆ
ನಾನು ಯಾವ ಮುಖ ಹೊತ್ತು ಆ ಶೆಡ್ಡಿಗೆ ಹೋಗಲಿ?

ಸೇವ್. ಮತ್ತೊಮ್ಮೆ ಸೇವ್. ನಂಬದೆ ಮತ್ತೊಮ್ಮೆ.
ಮೊಣಕಾಲೂರಿ ಗೋಡೆ ತಡವಿದೆ.

"ಕಿತ್ತೆಯಾ?" ಕತ್ತಲು ಕೂಗಿತು, ಮನೋಲಿಸನ ದನಿಯಲ್ಲಿ.
"ಕಿತ್ತೆ."
ಎರಡು ಓರೆ, ಒಂದು ನೇರ,
ಅದರ ಮೂರು ಹಲ್ಲು ಅಂಗೈಯಲ್ಲಿ
ಇನ್ನೂ ಬೆಚ್ಚಗೆ.