ಕೋಟುಗಳ ಕೋಣೆ

ಪಿಟ್ಸ್‌ಬರ್ಗಿನ ಆ ಮ್ಯೂಸಿಯಮ್ಮಿನಲ್ಲಿ ನನ್ನ ಕೆಲಸ
ಕೋಟು ಇಸಕೊಂಡು ಹಿತ್ತಾಳೆ ಬಿಲ್ಲೆ ಕೊಡುವುದು,
ಬಿಲ್ಲೆ ಇಸಕೊಂಡು ಕೋಟು ಕೊಡುವುದು.
ಹನ್ನೊಂದು ಚಳಿಗಾಲ.
ಮುಖ ಮರೆತೀತು, ತೂಕ ಮರೆಯುವುದಿಲ್ಲ:
ಬಂದವರ ಮೈಬಿಸಿ ಇನ್ನೂ ಆರದ ಒಳಪದರ
ಎರಡು ಕೈಗೂ ತುಂಬಿ, ನಿದ್ದೆಗಣ್ಣಿನ ಮಗು ಎತ್ತಿಕೊಂಡ ಹಾಗೆ.

ಆವತ್ತು ಫೆಬ್ರವರಿಯ ಔತಣ. ತಲೆಗೆ ಎಂಟುನೂರು ಡಾಲರು.
ಮೇಲಿನ ಹಜಾರದಲ್ಲಿ ಹಳೇ ಮುಷ್ಕರದ ಫೋಟೋಗಳು:
ಉಕ್ಕಿನ ಕಾರ್ಖಾನೆ, ಮುಚ್ಚಿದ ಗೇಟು,
ತಲೆಗೆ ವಸ್ತ್ರ ಬಿಗಿದ ಹೆಂಗಸರು, ಕೈಯಲ್ಲಿ ಸೌಟು,
ಹಿಮದ ನಡುವೆ ಹಬೆಯಾಡುವ ಹಂಡೆ.
ಅವರೊಳಗೊಬ್ಬಳ ಮೂಗು ನಮ್ಮಜ್ಜಿಯದೇ ಮೂಗು.
ಅಜ್ಜಿಯೋ ಅಲ್ಲವೋ, ಕೇಳಲು ಯಾರೂ ಉಳಿದಿಲ್ಲ.
ಕೆಳಗೆ ಬರೆದಿದ್ದಾರೆ: ಹೆಸರು ತಿಳಿಯದ ಮಹಿಳೆಯರು.
ಅದರೆದುರು ಮಿಸೆಸ್ ವಿನ್‌ಗೇಟ್ ಅತ್ತರಂತೆ.
ಮೂಲೆಯಲ್ಲಿ ಕಾವಲು ನಿಂತ ದೆಶಾನ್ ಬಂದು ಹೇಳಿದ:
"ನಿಜವಾದ ಕಣ್ಣೀರು ಕಣೇ ಲೊರೇನ್,
ಕರವಸ್ತ್ರ ಎರಡು ಸಲ ಮಗುಚಿದರು."

ನಂಬುತ್ತೇನೆ. ಆಕೆ ಕೆಟ್ಟವರಲ್ಲ.
ನನ್ನ ಮಗಳ ಮುರಿದ ಮುಂಬಲ್ಲಿಗೆ ಬಿಲ್ಲು ಕಟ್ಟಿದ್ದು ಅವರೇ,
ಕೇಳದೆಯೇ, ಹೂವಿನ ಚಿತ್ರದ ಕಾರ್ಡಿನೊಳಗೆ ಚೆಕ್ಕು ಇಟ್ಟು.
ನಮ್ಮ ಸಂಘದ ಪತ್ರಕ್ಕೆ ಆಡಳಿತ ಮಂಡಳಿ ಬರೆದ ಉತ್ತರದಲ್ಲಿ
ನಾಲ್ಕನೇ ಸಹಿಯೂ ಅವರದೇ, ಅದೇ ದುಂಡಗಿನ ಅಕ್ಷರ:
ನಾವೆಲ್ಲ ಒಂದೇ ಮನೆಯವರು,
ನಮ್ಮ ನಮ್ಮ ನಡುವೆ ಮೂರನೆಯವರು ಯಾಕೆ?

ನಾವು ಕೇಳಿದ್ದು ಗಂಟೆಗೆ ಎರಡು ಡಾಲರು ಜಾಸ್ತಿ.
ಕಾಯಿಲೆ ಬಿದ್ದ ದಿನ ಕೂಲಿ ಮುರಿಯಬೇಡಿ ಅಂತ.
ಮುಂದಿನ ವಾರದ ಪಾಳಿ ಈ ವಾರವೇ ತಿಳಿಸಿ ಅಂತ.
ಅವರು ಕೊಟ್ಟದ್ದು, ಕೇಳಿಸಿಕೊಳ್ಳುವ ಸಭೆ.
ದುಂಡಗೆ ಕುರ್ಚಿ. ಬಾದಾಮಿ ಬಿಸ್ಕತ್ತು.
"ನಿಮ್ಮ ನೋವಿಗೆ ಒಂದು ಬಣ್ಣ ಹೇಳಿ," ಎಂದ ಕರೆಸಿದ ತಜ್ಞ.
"ಹಸಿರು," ಎಂದಳು ಗ್ವಾಡಲೂಪೆ. "ನೋಟಿನ ಹಸಿರು."
ಯಾರೂ ನಗಲಿಲ್ಲ. ಆತ ಅದನ್ನೂ ಬರಕೊಂಡ.
ಹದಿನಾಲ್ಕು ತಿಂಗಳು ಮೂಗಿಗೆ ತುಪ್ಪ.
ಘಮ ಚೆನ್ನಾಗಿತ್ತು, ಸುಳ್ಳೇಕೆ.

ಒಂಬತ್ತಕ್ಕೆ ಅಂತ ಮಾತಾಗಿತ್ತು.
ಒಂಬತ್ತಕ್ಕೆ ಅಡುಗೆಮನೆಯವರು ಏಪ್ರನ್ ಬಿಚ್ಚಿದರು.
ದೆಶಾನ್ ವಾಕಿಟಾಕಿಯನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿದ.
ಮೇಲೆ ಯಾರದೋ ಭಾಷಣ, "ಒಗ್ಗಟ್ಟು" ಎಂಬ ಮಾತು,
ಚಪ್ಪಾಳೆ ಮೆಟ್ಟಿಲಿಳಿದು ನಮ್ಮ ತನಕ ಬಂತು.
ನಾನು ನನ್ನ ಕೋಟು ತೊಟ್ಟೆ, ಅಲ್ಲಿದ್ದ ಒಂದೇ ಒಂದು ನೀಲಿ.
ಬಾಗಿಲು ತೆರೆದೇ ಬಿಟ್ಟೆ.

ಮುನ್ನೂರ ಹನ್ನೆರಡು ಕೋಟು, ಎಲ್ಲವೂ ಕಪ್ಪು.
ಗೂಟದ ಮೇಲಿನ ಅಂಕಿ ಉದುರಿ ಆರು ವರ್ಷ,
ಬರೆದುಕೊಟ್ಟಿದ್ದೆ ಎರಡು ಸಲ;
ಅಲ್ಲಿಂದೀಚೆ ಲೆಕ್ಕವೆಲ್ಲ ನನ್ನ ತಲೆಯಲ್ಲಿ.
ಬಿಲ್ಲೆ ಹಿಡಿದು ನಿಂತರಂತೆ, ರೇಷನ್ ಸಾಲಿನ ಹಾಗೆ.
ಒಬ್ಬರ ಕೈ ಇನ್ನೊಬ್ಬರ ತೋಳೊಳಗೆ,
ಜೇಬಿನಲ್ಲಿ ಯಾರದೋ ಕನ್ನಡಕ, ಯಾರದೋ ಕಾರಿನ ಕೀಲಿ.
ಒಂದೇ ಕಾಲರು ಹಿಡಿದು ಎಳೆದಾಡಿದರಂತೆ
ಬಡತನದ ಬಗ್ಗೆ ಮೂರು ಪುಸ್ತಕ ಬರೆದ ಪ್ರೊಫೆಸರೂ
ಬಡವರ ಕೇಸಿಗೆ ಕಾಸು ಮುಟ್ಟದ ವಕೀಲರೂ.

ನಾವು ರಸ್ತೆಯಾಚೆ, ಬಸ್ ಸ್ಟಾಪಿನ ಸೂರಿನಡಿ,
ಕಾಗದದ ಲೋಟ, ಸುಡು ಕಾಫಿ.
ಹತ್ತೂಕಾಲಿಗೆ ಮಿಸೆಸ್ ವಿನ್‌ಗೇಟ್ ಹೊರಬಂದರು.
ಕೋಟಿಲ್ಲ. ಬರಿತೋಳು, ಮುತ್ತಿನ ಸರ.
ರಸ್ತೆ ದಾಟಬಹುದಿತ್ತು, ಒಂದು ಗಾಡಿಯೂ ಇರಲಿಲ್ಲ.
"ಲೊರೇನ್," ಎಂದರು ಅಲ್ಲಿಂದಲೇ. "ನೀನೂನಾ?"

ಅವರ ಕೋಟು ಎಲ್ಲಿದೆ ನನಗೆ ಗೊತ್ತು.
ಎಡಗೋಡೆ, ಮೂರನೇ ಸಾಲು, ಕಿಟಕಿಯಿಂದ ಐದನೆಯದು.
ಜೇಬಿನಲ್ಲಿ ಪುದೀನ ಮಿಠಾಯಿ ಇರುತ್ತದೆ.
ನಾಲಿಗೆ ತುದಿಗೆ ಬಂತು, ಹನ್ನೊಂದು ಚಳಿಗಾಲದ ರೂಢಿ.
ಕಾಫಿಯ ಜೊತೆ ನುಂಗಿಕೊಂಡೆ.
ಅವರ ತೋಳಿನ ಮೇಲೆ ಹಿಮ ಬಿದ್ದು ಕರಗುತ್ತಿತ್ತು.
ನನ್ನ ಮಗಳು ಈಗ
ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ.